ಜಗಳವಿಲ್ಲದವರ ವಿಭಾಗದ ದಾವೆ

ಅಣ್ಣತಮ್ಮಂದಿರು ಜಗಳವಾಡದೆ ಆಸ್ತಿ ಹಂಚಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಈ ಸಂಗತಿಯನ್ನು ರಾಬರ್ಟ್‌ಸನ್‌ಪೇಟೆಯ ವಕೀಲರಾದ ಶ್ರೀ ಆದಿನಾರಾಯಣರವರು ೧೯೫೮ರಲ್ಲಿ ಕಂಡುಹಿಡಿದರು. ಅವರ ಗುಮಾಸ್ತನಾಗಿ ನಾನು ಪಕ್ಕದಲ್ಲೇ ಇದ್ದೆ. ಏನು ತಲೆ ಅಂತೀರಿ!

ಬಂಗಾರಪೇಟೆ ಕಡೆಯ ರೈತ ಮುನಿಸ್ವಾಮಪ್ಪ ತೀರಿಕೊಂಡಾಗ ಬಾವಿಯಿದ್ದ ಎರಡೆಕರೆ ಹೊಲ ಬಿಟ್ಟುಹೋಗಿದ್ದ. ದೊಡ್ಡ ಮಗ ಕದಿರಪ್ಪ ಊರಿಗಾಂನ ಚಿನ್ನದ ಗಣಿಯಲ್ಲಿ ಕೂಲಿ. ಚಿಕ್ಕವನು ಸೊಣ್ಣಪ್ಪ ಹೊಲ ನೋಡಿಕೊಂಡಿದ್ದ. ಇಬ್ಬರೂ ಕೂಡಿ ನಮ್ಮ ಆಫೀಸಿಗೆ ಬಂದರು.

"ಮೂಡ್ಲ ಕಡೆ ನಂದು, ಪಡುವ್ಲ ಕಡೆ ತಮ್ಮಂದು, ಬಾವಿ ಇಬ್ರುದೂ. ಒಂದು ಕಾಗ್ದ ಬರ್ಕೊಡಿ ಸ್ವಾಮಿ," ಎಂದ ಕದಿರಪ್ಪ, ಕೆಮ್ಮುತ್ತಾ. "ಗಣಿ ದೂಳು ಎದೆಗೆ ಇಳ್ದೈತೆ. ಇನ್ನೂ ಕೆಳಕ್ಕಿಳೀತಾ ಇದ್ರೆ ಒಂದಿನ ಮೇಲಕ್ಕೇ ಬರಾಕಿಲ್ಲ. ನಮ್ ಒಲ್ದಾಗೆ ಒಸಿ ಗಾಳಿ ಕುಡ್ಕೊಂಡು ಬದುಕ್ಕೊಂತೀನಿ."

"ಅದಿರಲಿ, ಜಗಳ ಎಲ್ಲಿ?" ಎಂದರು ವಕೀಲರು.

"ಜಗ್ಳ ಇಲ್ಲ ಸ್ವಾಮಿ."

"ಜಗಳವಿಲ್ಲದೆ ದಾವೆ ಹೇಗಪ್ಪ ಹೂಡಲಿ? ಕೋರ್ಟಿಗೆ ಅವಮಾನ ಮಾಡಬೇಕೆಂದಿದ್ದೀಯಾ?"

ಕದಿರಪ್ಪ ಹೆದರಿ ಹೆಬ್ಬೆಟ್ಟು ಒತ್ತಿದ. ಅವನ ಪರವಾಗಿ ಸೊಣ್ಣಪ್ಪನಿಗೆ ನೋಟೀಸು ಹೋಯಿತು: "ದುರಾಸೆಯೇ ಮೂರ್ತಿವೆತ್ತಂತಿರುವ ತಾವು..." ಓದು ಬಾರದ ಸೊಣ್ಣಪ್ಪ ಅದನ್ನು ಹಿಡಿದು, ತನಗೆ ಗೊತ್ತಿದ್ದ ಒಬ್ಬರೇ ಒಬ್ಬ ವಕೀಲರ ಹತ್ತಿರ ಬಂದ. ನಮ್ಮವರು ಓದಿ ಕೆಂಡವಾದರು. "ಯಾವ ಅವಿವೇಕಿ ಬರೆದದ್ದು ಇದನ್ನ? ಸುಮ್ಮನೆ ಬಿಡಬೇಡ!" ಎಂದು ಅಲ್ಲೇ ಖಾರವಾದ ಉತ್ತರ ಬರೆಸಿ, ತಮಗೆ ತಾವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಂಡರು. ಅದು ಕೈಸೇರಿದಾಗ ಬಹಳ ನೊಂದರು. ಬರೆದದ್ದಕ್ಕೂ ಓದಿದ್ದಕ್ಕೂ ನೊಂದದ್ದಕ್ಕೂ ನಾನು ಬೇರೆ ಬೇರೆ ಶುಲ್ಕ ಹಾಕಿದೆ. ನೊಂದದ್ದು ತುಸು ದುಬಾರಿ.

ತೊಂದರೆ ಕೊಟ್ಟವರು ಕಕ್ಷಿದಾರರೇ. ವಾಯಿದೆಯ ದಿನ ಇಬ್ಬರೂ ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ಒಂದೇ ತಟ್ಟೆಗೆ ಕೈಹಾಕಿ ಉಣ್ಣುತ್ತಿದ್ದರು. ನೋಡಿದವರು ಏನಂದುಕೊಂಡಾರು? ಕೂಡಲೇ ಆಫೀಸಿನಲ್ಲಿ ಪ್ರಕಟಣೆ ಹಚ್ಚಿದೆವು: "ವಾದಿ ಪ್ರತಿವಾದಿಗಳು ಒಂದೇ ಮುದ್ದೆಯನ್ನು ಮುರಿದು ತಿನ್ನತಕ್ಕದ್ದಲ್ಲ. ತಿಂದಲ್ಲಿ ತಲಾ ಐದು ರೂಪಾಯಿ ದಂಡ. ಸಾರಿನ ದಂಡ ಪ್ರತ್ಯೇಕ."

"ನಾಲ್ಕು ಜನ ಕೇಳುವ ಹಾಗೆ ತಮ್ಮನನ್ನು ಬೈಯಪ್ಪ," ಎಂದು ವಕೀಲರು ಕದಿರಪ್ಪನಿಗೆ ಹೇಳಿಕೊಟ್ಟರು.

ಕದಿರಪ್ಪ ಎದ್ದು ನಿಂತು, ಕಣ್ಣು ಕೆಂಪಗೆ ಮಾಡಿಕೊಂಡ. "ಲೇ ಸೊಣ್ಣಾ! ನೀನು... ನೀನು... ಯಾಕ್ಲಾ ಇಷ್ಟು ಸೊರಗೋಗಿದ್ದೀಯಾ?" ಅಷ್ಟರಲ್ಲಿ ಕೆಮ್ಮು ಹತ್ತಿತು. ಸೊಣ್ಣಪ್ಪ ನೀರು ತರಲು ಓಡಿದ. ಥೂ, ಇಂಥವರನ್ನು ಕಟ್ಟಿಕೊಂಡು ವಕೀಲಿ ಮಾಡುವುದು ಯಾರಿಗೂ ಬೇಡ! "ಕಕ್ಷಿದಾರರ ಪ್ರೀತಿಯಿಂದ ದಾವೆಗೆ ಉಂಟಾದ ನಷ್ಟ" ಎಂದು ಇಬ್ಬರ ಲೆಕ್ಕಕ್ಕೂ ಬರೆದೆ.

೧೯೬೪ರಲ್ಲಿ ತೀರ್ಪು ಬಂತು. ಮೂಡಲು ಅಣ್ಣನಿಗೆ, ಪಡುವಲು ತಮ್ಮನಿಗೆ, ಬಾವಿ ಇಬ್ಬರಿಗೂ. ಇಬ್ಬರೂ ಗೆದ್ದದ್ದರಿಂದ ಗೆಲುವಿನ ಶುಲ್ಕ ಎರಡಾಯಿತು. ಒಟ್ಟು ಬಾಕಿ ಎರಡೆಕರೆಗೆ ಸರಿಯಾಗಿ ಹೊಂದಿತು. ಹೊಲವನ್ನು ವಕೀಲರು ತಮ್ಮ ಹೆಸರಿಗೆ ಬರೆಸಿಕೊಂಡು, ಬಾವಿಯನ್ನು ಕಾಣಿಕೆಯೆಂದು ಸ್ವೀಕರಿಸಿದರು.

ಕದಿರಪ್ಪ ನಮ್ಮ ಜಗಲಿಯ ಮೇಲೆ ಕುಸಿದು ಅತ್ತ. "ಮತ್ತೆ ಗಣಿಗೆ ಇಳೀಬೇಕಾ ಸ್ವಾಮಿ? ಸತ್ತೋಯ್ತೀನಿ."

ವಕೀಲರ ಕರುಳು ಚುರ್ರೆಂದಿತು. "ಅಳಬೇಡ. ನನಗೇನು ಉಳಲು ಬರುತ್ತದೆಯೇ? ಇಬ್ಬರೂ ಅದೇ ಹೊಲಕ್ಕೆ ಕೂಲಿಗೆ ಬನ್ನಿ. ಬೇಕಾದಷ್ಟು ಗಾಳಿ ಕುಡಿ, ಅದಕ್ಕೆ ನಾನು ಶುಲ್ಕ ಹಾಕುವುದಿಲ್ಲ."

ಅಣ್ಣತಮ್ಮಂದಿರು ಕಾಲಿಗೆ ಬಿದ್ದರು. ಆದರೂ ನಿಯಮ ನಿಯಮವೇ. ಮಾಲೀಕರ ಜೊತೆ ಕೂಲಿಯ ಕರಾರು ಮಾಡಿಕೊಳ್ಳಲು ನಿಮ್ಮ ಪರವಾಗಿ ಒಬ್ಬ ವಕೀಲರು ಬೇಕು, ಯಾರನ್ನು ಇಡುತ್ತೀರಿ ಎಂದು ನಾನೇ ಕೇಳಿದೆ. ಇಬ್ಬರೂ ಮೂಲೆಗೆ ಹೋಗಿ ಗುಸುಗುಸು ಮಾತಾಡಿಕೊಂಡು ಬಂದರು.

"ಇನ್ಯಾರ್ನ ಉಡುಕೋದು ಸ್ವಾಮಿ," ಎಂದ ಸೊಣ್ಣಪ್ಪ, ನಮ್ಮ ವಕೀಲರಿಗೇ ಕೈಮುಗಿದು. "ನಮ್ಮಿಬ್ರ ಕೇಸೂ ಗೆಲ್ಸಿಕೊಟ್ಟೋರು ಇವ್ರೇ ಅಲ್ವಾ?"