ನಾಲ್ಕು ಹಲ್ಲಿನ ಪೆಟ್ಟಿಗೆ

ಎರಡನೇ ಬೆಳೆಯ ಭತ್ತ ಕೊಯ್ಯುವ ಕಾಲ. ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಗಂಗಾವತಿಯ ಗೋವಿಂದರಾಜನ ಹಳೆಯ ಕಂಪ್ಯೂಟರು ಮುದುಕನಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಮೂವತ್ತು ವರ್ಷ ಅವನು ತೆಗೆದ ಮದುವೆ ವಿಡಿಯೊಗಳೆಲ್ಲ ಅದರಲ್ಲಿದ್ದವು. ಹೆಂಡತಿ ಲಲಿತಾ ತೀರಿಕೊಂಡ ಮೇಲೆ, ಸಂಜೆ ಓಣಿಯವರು ಯಾರಾದರೊಬ್ಬರು ತಮ್ಮ ಮದುವೆ ನೋಡಲು ಬರುತ್ತಿದ್ದರು. ಆ ಮನೆಯಲ್ಲಿ ಮಾತು ಕೇಳಿಸುತ್ತಿದ್ದುದು ಆಗ ಮಾತ್ರ.

ಕಂಪ್ಯೂಟರ್ ಅಂಗಡಿಯ ರೆಹಮಾನ ವಿಡಿಯೊ ಕೂಡಿಡುವ ಎರಡು ಪೆಟ್ಟಿಗೆ ತಂದ. ನೋಡಲು ಓಣಿಯವರೆಲ್ಲ ನೆರೆದರು. ಒಂದಕ್ಕೆ ಎರಡು ಡಿಸ್ಕ್, ಇನ್ನೊಂದಕ್ಕೆ ನಾಲ್ಕು.

"ಹಳೇ ಡಿಸ್ಕ್ ಜೀವಂತ ಐತಿ ಕಾಕಾ. ಫೈಲ್ ಎಲ್ಲಾ ಇದರಾಗ ಹಾಕೋಣ. ನಿಮ್ಮ ಹಳೇ ಕಂಪ್ಯೂಟರೂ ಮೈ ಬಿಟ್ಟು ಇದರೊಳಗ ಇರತೈತಿ."

"ಮೈಯಿಲ್ಲದ್ದಾ? ಎವ್ವಾ, ದೆವ್ವ ಅನ್ನು!" ಎಂದಳು ಪಕ್ಕದ ಮನೆಯ ಯಂಕವ್ವ.

ದನದ ದಲಾಲಿ ಮಾರೆಪ್ಪ ಪೆಟ್ಟಿಗೆಯ ಬಾಯಿಗೆ ಬೆರಳಿಟ್ಟು ನೋಡಿದ. "ಇದು ಎರಡು ಹಲ್ಲಿಂದು, ಇನ್ನೂ ಹೋರಿ. ನಾಕು ಹಲ್ಲಿಂದು ಹಿಡೀರಿ ಗೋವಿಂದಣ್ಣ, ಗಳೇಕ್ಕ, ಉಳಾಕ ಬರತೈತಿ." ಅಷ್ಟಕ್ಕೇ ಬಿಡದೆ, ದನದ ಸಂತೆಯಲ್ಲಿ ಮಾಡುವಂತೆ ಟವೆಲ್ ಹೊದಿಸಿ ರೆಹಮಾನನ ಬೆರಳು ಹಿಡಿದು ವ್ಯಾಪಾರಕ್ಕಿಳಿದ.

"ಕಚಗುಳಿ ಆಗತೈತಿ ಮಾರೆಪ್ಪಣ್ಣ, ಬಿಡ್ರಿ! ಇದಕ್ಕ ಬಿಲ್ ಐತಿ!"

ಮನೆ ತುಂಬ ನಗು. ಗೋವಿಂದರಾಜನಿಗೆ ಯಾವುದಾದರೂ ಆಗಬಹುದಿತ್ತು. ಆದರೂ "ಸಾವಕಾಶ ನೋಡೋಣ, ಚಾ ಕುಡೀರಿ" ಎಂದು ಮೂರು ಸಲ ಚಹಾ ಕಾಯಿಸಿದ.

ಸಂಜೆ ನಾಲ್ಕಕ್ಕೆ ನಾಲ್ಕು ಹಲ್ಲಿನದೇ ಗೆದ್ದಿತು. ರೆಹಮಾನ ಅದನ್ನು ಜೋಡಿಸಿ, ಎಲ್ಲರ ಫೋನುಗಳನ್ನೂ ಇಸಿದುಕೊಂಡು ಏನೋ ಒತ್ತಿ ಕೊಟ್ಟ. ಇನ್ನು ದಿನಾ ಜಾತ್ರೆಯೇ ಎಂದುಕೊಂಡ ಗೋವಿಂದರಾಜ ಆರು ಕುರ್ಚಿ ಕಡ ತಂದು ಟಿವಿಯ ಮುಂದೆ ಸಾಲಾಗಿ ಇಟ್ಟ. ಎರಡು ಲೀಟರ್ ಹಾಲನ್ನೂ ತಂದ.

ಏಳಾದರೂ ಯಾರೂ ಬರಲಿಲ್ಲ. ಹೊರಗೆ ಇಣುಕಿದರೆ, ಮಾರೆಪ್ಪ ತನ್ನ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ತನ್ನದೇ ಮದುವೆ ನೋಡುತ್ತಿದ್ದ.

"ಛಲೋ ಪೆಟಿಗಿ ತಂದ್ರಿ ನೋಡ್ರಿ! ಮನ್ಯಾಗ ಕುಂತಲ್ಲೇ ಕಾಣತೈತಿ. ಇನ್ನ ನಿಮಗ ತ್ರಾಸ ಕೊಡಂಗಿಲ್ಲ!"

ಅಷ್ಟರಲ್ಲಿ ಯಂಕವ್ವ ಬಂದಳು. ಗೋವಿಂದರಾಜ ಓಡಿಹೋಗಿ ಕುರ್ಚಿ ಒರೆಸಿದ.

"ಕೂಡಂಗಿಲ್ಲಪ್ಪಾ, ನಿನ್ನ ಚಾದ ಕಪ್ ನಮ್ಮನಿಗೆ ಬಂದಿತ್ತು, ಕೊಡಾಕ ಬಂದೆ. ಅಲ್ಲಿ ಫೋನಿನ್ಯಾಗ ನನ್ನ ಮದುವಿ ಅಕ್ಕಿಕಾಳು ಬೀಳಾಕತ್ತಾವು."

ಫೋನುಗಳಿಂದ ಪೆಟ್ಟಿಗೆಯೊಳಗೆ ಹದಿನೇಳು ಮಂದಿ ಬಂದಿದ್ದಾರೆಂದು ಟಿವಿಯ ಪರದೆ ತೋರಿಸುತ್ತಿತ್ತು. ಆರು ಕುರ್ಚಿಗಳ ನಡುವೆ ಗೋವಿಂದರಾಜ ಹಾಲು ಕಾಯಿಸಲೋ ಬೇಡವೋ ಎಂದು ನಿಂತಿದ್ದ.

ಆ ಮನೆಗೆ ಕೊನೆಯ ಸಲ ಬಂದುಹೋದವಳು ಯಂಕವ್ವ. ಅದೂ ಆ ಮಂಗಳವಾರವೇ; ಆಮೇಲೆ ಯಾರೂ ಬರಲಿಲ್ಲ.