ಒಬ್ಬನೇ ಇದ್ದಾಗ ಹತ್ತುವ ದೀಪ

ಗ್ರಂಥಪಾಲಕ ಹಾಡಿನ ಮೇಲಿನ ಸ್ವರಕ್ಕೆ ಇನ್ನೇನು ಏರಬೇಕು, ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಹಳದಿ ದೀಪ ಹತ್ತಿತು. ಅದರ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರಗಳು ಮೂಡಿದವು: ಎಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡಲಾಗಿದೆ. ಯಾರು ಮಾಡಿದರು, ಯಾಕೆ ಮಾಡಿದರು, ಯಾರನ್ನು ಕೇಳಿ ಮಾಡಿದರು ಎಂಬ ವಿವರ ಏನೂ ಇರಲಿಲ್ಲ. ಸರ್ಕಾರಿ ಪ್ರಕಟಣೆಯ ಹಾಗೆ ಅಷ್ಟಕ್ಕೇ ಮುಗಿದಿತ್ತು.

ಹಾಡು ಗಂಟಲಲ್ಲೇ ಕೂತಿತು. ಅಲ್ಲಿಯವರೆಗೆ ಸಲೀಸಾಗಿ ಓಡುತ್ತಿದ್ದ ಹಳೇ ಕಾರು ಮೇಯ್ದು ಮನೆಗೆ ಹೊರಟ ಎಮ್ಮೆಯಂತೆ ಹೆಜ್ಜೆ ಎಣಿಸತೊಡಗಿತು. ಆಕ್ಸಿಲರೇಟರನ್ನು ನೆಲ ಮುಟ್ಟುವಂತೆ ಒತ್ತಿದರೂ ಅದು ತನಗೆ ಹೇಳಿದ ಮಾತಲ್ಲ ಎಂಬಂತೆ ಎಂಜಿನ್ನು ಗೊಣಗಿತು. ಹಿಂದಿನಿಂದ ಹಾರ್ನುಗಳು ಒಂದೊಂದು ಶ್ರುತಿಯಲ್ಲಿ ಬೈದವು. ಬೆಳಗಿನ ನಡಿಗೆಗೆ ಹೊರಟಿದ್ದ ಊರುಗೋಲಿನ ಮುದುಕರೊಬ್ಬರು ಕಾರನ್ನು ಹಿಂದೆ ಹಾಕಿ, ತಿರುಗಿ ನೋಡಿ, "ನಿಧಾನಕ್ಕೆ ಬನ್ನಪ್ಪ, ಅವಸರ ಏನಿಲ್ಲ" ಎಂದು ಧೈರ್ಯ ಹೇಳಿ ಮುಂದೆ ಹೋದರು.

ಅವನು ಕಾರನ್ನು ಪಕ್ಕಕ್ಕೆ ತಂದು, ಎಂಜಿನ್ ಆರಿಸಿ ಮತ್ತೆ ಹಚ್ಚಿದ. ದೀಪ ಮಾಯ. ಲೋಟ ಒಡೆದು ಬಾಗಿಲ ಹಿಂದೆ ನಿಂತ ಮಗುವಿನಷ್ಟು ಮುಗ್ಧವಾಗಿತ್ತು ಡ್ಯಾಶ್‌ಬೋರ್ಡು.

ಇದು ಮೊದಲ ಸಲವೇನೂ ಅಲ್ಲ. ಅವನು ಗ್ರಂಥಾಲಯದ ಉಸ್ತುವಾರಿಯಾದ ಹೊಸತರಲ್ಲಿ ಶುರುವಾದ ಕಾಟ. ಆದರೆ ಹೆಂಡತಿಯನ್ನು ಕೂರಿಸಿಕೊಂಡು ಭಾನುವಾರ ತಿರುಗಾಡಲು ಹೋದಾಗ ದೀಪ ಹತ್ತುವುದಿಲ್ಲ. ಮೆಕ್ಯಾನಿಕ್ ಕೂತರೆ ಹತ್ತುವುದಿಲ್ಲ. ಅವನೊಬ್ಬನೇ ಇದ್ದಾಗ ಮಾತ್ರ ಹತ್ತುತ್ತದೆ. ಸಾಕ್ಷಿ ಇಲ್ಲದ ಕಡೆ ಮಾತ್ರ ಚಿವುಟುವ ನೆಂಟರ ಹಾಗೆ.

ಹಾಳಾಗಲಿ, ಬಸ್ಸಲ್ಲಿ ಹೋಗೋಣ ಎಂದುಕೊಳ್ಳಲು ಅವನಿಗೆ ಆಗದು. ಯಾರಿಗೂ ಹೇಳದ ಒಂದು ಕಾರಣವಿತ್ತು. ಅವನಿಗೆ ಹಾಡುವ ಹುಚ್ಚು. ಗ್ರಂಥಾಲಯದ ಗೋಡೆಗೋಡೆಗೂ 'ಮೌನ' ಎಂಬ ಫಲಕ. ಅದನ್ನು ತೂಗುಹಾಕಿದವನೂ ಅವನೇ. ಮನೆಯಲ್ಲಿ ಹಾಡೋಣವೆಂದರೆ ಪಕ್ಕದ ಮನೆಯ ವಿಮೆ ಏಜೆಂಟರಿಗೂ ಇವರಿಗೂ ನಡುವೆ ಒಂದೇ ಗೋಡೆ. ಅವರು ಆಚೆ ಸೀನಿದರೆ ಈಚೆ ಚಮಚ ಅಲ್ಲಾಡುತ್ತಿತ್ತು. ಲೋಕದಲ್ಲಿ ಅವನು ಬಾಯಿಬಿಟ್ಟು ಹಾಡಬಹುದಾದ ಜಾಗವೆಂದರೆ ಗಾಜು ಏರಿಸಿದ ಈ ಕಾರೊಂದೇ.

ಗ್ರಂಥಾಲಯ ತಲುಪುವ ಹೊತ್ತಿಗೆ ಪತ್ರಿಕೆ ಓದುವವರು ಬಾಗಿಲಲ್ಲಿ ಜಮಾಯಿಸಿದ್ದರು. ಅವನು ಕಾರಿನಿಂದ ಕೀ ಗೊಂಚಲನ್ನು ಎಳೆದುಕೊಂಡು ಓಡಿದ. ಒಂದೊಂದು ಕಾಲದಲ್ಲಿ ಒಂದೊಂದು ಕಡೆ ಕೊಂಡ ಗಾಜಿನ ಬೀರುಗಳು, ಒಂದೊಂದಕ್ಕೂ ಬೇರೆ ಬೀಗ. ಹಳೇ ಉಸ್ತುವಾರಿ ನಿವೃತ್ತರಾಗುವಾಗ ಎಲ್ಲವನ್ನೂ ಒಂದು ದಪ್ಪ ಬಳೆಗೆ ಪೋಣಿಸಿ, "ಇದು ನಿಮ್ಮ ಮೈ ಬಿಟ್ಟು ಹೋಗಬಾರದು" ಎಂದು ಕೊಟ್ಟಿದ್ದರು. ಮರೆವಿನವನಾದ ಇವನು ಮನೆ ಕೀ, ಕಾರಿನ ಕೀ ಎರಡನ್ನೂ ಅದಕ್ಕೇ ಸೇರಿಸಿದ್ದ.

"ಹುಡುಕಿ ಸಾರ್, ಹುಡುಕಿ. ಸುದ್ದಿ ಹೇಗೂ ನಿನ್ನೇದೇ" ಎಂದರು ಒಬ್ಬ ಓದುಗರು.

ಬಾಗಿಲು ತೆಗೆದು ಉಸಿರು ಬಿಡುವಷ್ಟರಲ್ಲಿ ಫೋನು. ಮಾವ. ಈ ಕಾರು ಅವರದು. ಹೊಸದು ಕೊಂಡ ಮೇಲೆ ಹಿರಿಯ ಅಳಿಯನಿಗೆ ಉದಾರವಾಗಿ ಬಿಟ್ಟುಕೊಟ್ಟಿದ್ದರು. ಅವರು ಡ್ರೈವಿಂಗ್ ಲೈಸೆನ್ಸ್ ಕೊಡುವ ಪರೀಕ್ಷಕರಾಗಿ ನಿವೃತ್ತರಾದವರು. ಬೇರೆಯವರು ಮಗುವನ್ನು ಮುದ್ದಿಸುವಷ್ಟೇ ಪ್ರೀತಿಯಿಂದ 'ಫೇಲ್' ಎನ್ನುತ್ತಿದ್ದರಂತೆ.

"ಅಳಿಯಂದಿರೇ, ನನ್ನ ಕಾರಿನ ಮೇಲೆ ಏನೋ ಅಪವಾದ ಹೊರಿಸ್ತಿದ್ದೀರಂತೆ? ಮಗಳು ಹೇಳಿದ್ಲು."

"ಅಪವಾದ ಅಲ್ಲ ಮಾವ, ಒಂದು ದೀಪ..."

"ನನ್ನ ಕೈಯಲ್ಲಿದ್ದಾಗ ಒಂದು ದಿನಾನೂ ಕೆಮ್ಮಿದ್ದಲ್ಲ ಅದು. ಸಂಜೆ ಬರ್ತೀನಿ. ನನ್ನ ಕಣ್ಣೆದುರು ದೀಪ ಹತ್ತಿದ್ರೆ ತಪ್ಪು ಕಾರಿಂದು, ರಿಪೇರಿ ನನ್ನದು. ಹತ್ತಲಿಲ್ಲ ಅಂದ್ರೆ ತಪ್ಪು ಡ್ರೈವರ್‌ದು. ಆಗ ಕಾರು ಚಿಕ್ಕಳಿಯನಿಗೆ. ಅವನ ಕೈ ಪಳಗಿದೆ."

ಮಾವ ಫೋನಿಟ್ಟ ಮೇಲೂ ಗ್ರಂಥಪಾಲಕ ತನ್ನದನ್ನು ಕಿವಿಗೇ ಹಿಡಿದು ಕೂತಿದ್ದ.

ಮಧ್ಯಾಹ್ನದ ಬಿಡುವಿನಲ್ಲಿ ಗ್ಯಾರೇಜಿಗೆ ಓಡಿದ. ಮೆಕ್ಯಾನಿಕ್ ಅವನನ್ನು ಕಂಡು ತಲೆಗೆ ಕೈ ಹಚ್ಚಿಕೊಂಡ. "ಮತ್ತೆ ಬಂದ್ರಾ ಸಾರ್?"

ಅವನು ಉಗುರು ಮುರಿದುಕೊಂಡು ಬಳೆಯಿಂದ ಕಾರಿನ ಕೀ ಒಂದನ್ನೇ ಬಿಡಿಸಿ ಕೊಟ್ಟ. ಗ್ರಂಥಾಲಯದ ಕೀಗಳನ್ನು ಗ್ಯಾರೇಜಿನವರ ಕೈಗೆ ಕೊಡುವುದುಂಟೇ? ಇಬ್ಬರೂ ಒಂದು ಸುತ್ತು ಹೋಗಿ ಬಂದರು. ಏರು ಹತ್ತಿದರು, ಹಳ್ಳಕ್ಕೆ ಇಳಿಸಿದರು, ಹಂಪಿನ ಮೇಲೆ ಹಾರಿಸಿದರು. ದೀಪ ಇಣುಕಲಿಲ್ಲ.

"ಕಂಪ್ಯೂಟರ್ ಹಾಕಿ ನೋಡಿದ್ದಾಯ್ತು ಸಾರ್" ಎಂದ ಮೆಕ್ಯಾನಿಕ್. "ಅದು ಒಂದ್ಸಲ ಥ್ರಾಟಲ್ ಅನ್ನತ್ತೆ, ಒಂದ್ಸಲ ಪೆಡಲ್ ಅನ್ನತ್ತೆ, ಒಂದ್ಸಲ ಕರೆಂಟ್ ಸಾಲ್ತಿಲ್ಲ ಅನ್ನತ್ತೆ. ಕುಡಿದವರನ್ನ ವಿಳಾಸ ಕೇಳಿದ ಹಾಗೆ. ಥ್ರಾಟಲ್ ತೊಳೆದೆ, ಪೆಡಲ್ ಸೆನ್ಸರ್ ಬದಲಾಯಿಸಿದೆ, ಬ್ಯಾಟರಿ ವೈರ್ ಬಿಗಿ ಮಾಡಿದೆ. ಇನ್ನು ಬದಲಾಯಿಸೋಕೆ ಉಳಿದಿರೋದು ನೀವೊಬ್ರೇ."

"ನಾನೊಬ್ಬನೇ ಇದ್ದಾಗ ಹತ್ತತ್ತಲ್ಲಪ್ಪ!"

"ಹಾಗಾದ್ರೆ ಯೋಚನೆ ಮಾಡಿ. ಒಬ್ರೇ ಇದ್ದಾಗ ಕಾರಲ್ಲಿ ಏನು ಮಾಡ್ತೀರಿ? ಜನ ಇದ್ದಾಗ ಮಾಡದೇ ಇರೋದು?"

ಗ್ರಂಥಪಾಲಕನ ಮುಖ ಕೆಂಪಗಾಯಿತು. "ಏ... ಏನೂ ಇಲ್ಲ" ಎಂದು ಕೀ ಕಸಿದುಕೊಂಡು ಹೊರಟ. ಹೊರಟವನಿಗೆ ತಟ್ಟನೆ ಹೊಳೆಯಿತು. ಹಾಡು! ಪ್ರತಿ ಸಲ ದೀಪ ಹತ್ತಿದ್ದು ಹಾಡುವಾಗ! ಹಾಡಿಗೂ ಎಂಜಿನ್ನಿಗೂ ಏನು ಸಂಬಂಧ? ಗೊತ್ತಿಲ್ಲ. ಆದರೆ ಅಡುಗೆಮನೆಯಲ್ಲಿ ಸೀನಿಗೂ ಚಮಚಕ್ಕೂ ಸಂಬಂಧ ಇರಲಿಲ್ಲವೇ?

ಪರೀಕ್ಷೆ ಮಾಡಬೇಕೆಂದರೆ ಸಾಕ್ಷಿ ಬೇಕು. ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ವಿಮೆ ಏಜೆಂಟರು ಕಂಡರು. ಬೇರೆ ಸಾಕ್ಷಿ ಸಿಕ್ಕಿದ್ದರೆ ಅವನು ಇವರನ್ನು ಹತ್ತಿಸಿಕೊಳ್ಳುತ್ತಲೇ ಇರಲಿಲ್ಲ. ಪಕ್ಕದ ಸೀಟಿನ ಮೇಲಿದ್ದ ಗೊಂಚಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, "ಅಬ್ಬಬ್ಬಾ, ಏನು ಸಾರ್ ಇದು, ಸೆರೆಮನೆ ಏನಾದ್ರೂ ವಹಿಸ್ಕೊಂಡ್ರಾ?" ಎನ್ನುತ್ತ ಅವರು ಕೂತರು.

"ಸಾರ್, ನಾನೀಗ ಒಂದು ಕೆಲಸ ಮಾಡ್ತೀನಿ. ನೀವು ಯಾರಿಗೂ ಹೇಳಬಾರದು."

"ನಾನು ಹೇಳೋ ಜಾತಿಯವನಾ?" ಎಂದರು ಏಜೆಂಟರು, ಬೀದಿಗೆಲ್ಲ ಹೇಳುವವರು.

ಗ್ರಂಥಪಾಲಕ ಕಣ್ಣನ್ನು ದೀಪದ ಮೇಲೆ ನೆಟ್ಟು ಹಾಡಿದ. ನಾಚಿಕೆಯಿಂದ ಮೊದಲು ಸೊಳ್ಳೆಯ ಹಾಗೆ, ಆಮೇಲೆ ಮೈಮರೆತು ಗಾಜು ನಡುಗುವ ಹಾಗೆ. ಪಕ್ಕದಲ್ಲಿ ಹೋಗುತ್ತಿದ್ದ ಸ್ಕೂಟರಿನವಳು ಆಂಬುಲೆನ್ಸ್ ಎಂದುಕೊಂಡು ದಾರಿ ಬಿಟ್ಟಳು. ಏಜೆಂಟರು ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೇಲಿನ ಸ್ವರವೂ ಬಂತು, ಹೋಯಿತು. ದೀಪ ಹತ್ತಲಿಲ್ಲ.

"ಯಾಕೆ ಹತ್ತಲಿಲ್ಲ?" ಎಂದು ಅವನು ಅಳುವ ದನಿಯಲ್ಲಿ ಕೇಳಿದ, ದೀಪದ ಕತೆಯನ್ನೆಲ್ಲ ಹೇಳಿಕೊಂಡ.

ಏಜೆಂಟರು ಅವನ ಪಾದವನ್ನೇ ನೋಡುತ್ತಿದ್ದರು. "ಸಿಕ್ತು ಸಾರ್! ಹಾಡುವಾಗ ನಿಮ್ಮ ಬಲಗಾಲು ಆಕ್ಸಿಲರೇಟರ್ ಮೇಲೆ ತಾಳ ಹಾಕ್ತಿದೆ. ಒತ್ತು, ಬಿಡು, ಒತ್ತು, ಬಿಡು. ಪಾಪ, ಎಂಜಿನ್ ಏನಂತ ತಿಳ್ಕೊಬೇಕು? ಗಲಿಬಿಲಿಯಾಗಿ ಕೈಚೆಲ್ಲತ್ತೆ. ಇವತ್ತು ನಾನಿದ್ದೆ ಅಂತ ತಾಳ ಸ್ವಲ್ಪ ಮೆತ್ತಗಿತ್ತು, ಅಷ್ಟೇ."

ಅವರನ್ನು ಮನೆ ಮುಂದೆ ಇಳಿಸಿ, ಗ್ರಂಥಪಾಲಕ ಮತ್ತೆ ಗ್ರಂಥಾಲಯಕ್ಕೆ ಹೊರಟ. ಕಾರಿನ ಕೀ ಎಲ್ಲಾದರೂ ಕಳೆದೀತೆಂದು ಮತ್ತೆ ಬಳೆಗೆ ಸೇರಿಸಿಕೊಂಡ. ಈಗ ಹಾಡಲಿಲ್ಲ. ತುಟಿ ಬಿಗಿದಿದ್ದ. ಕಾಲನ್ನು ಕಲ್ಲಿನ ಹಾಗೆ ಇಟ್ಟಿದ್ದ. ತಿರುವಿನ ಹಂಪು ದಾಟಿತೋ ಇಲ್ಲವೋ, ದೀಪ ಹತ್ತಿತು!

"ಈಗ ನಾನು ಏನು ಮಾಡ್ದೆ?" ಎಂದು ಅವನು ಕಾರನ್ನೇ ಕೇಳಿದ.

ಎಮ್ಮೆ ನಡಿಗೆಯಲ್ಲಿ ಕಾರು ಪಕ್ಕಕ್ಕೆ ಬಂದಾಗ, ತೂಗಾಡುತ್ತಿದ್ದ ಗೊಂಚಲು ಅವನ ಮೊಣಕಾಲಿಗೆ ಬಡಿಯಿತು. ನೋವಿಗೆ ಕೆಳಗೆ ನೋಡಿದ. ನೋಡುತ್ತಲೇ ಉಳಿದ. ಎಂಜಿನ್ ಆರಿಸಿ ಹಚ್ಚಿದ. ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದು ಆಕ್ಸಿಲರೇಟರ್ ಒತ್ತಿದ: ಎಂಜಿನ್ ಗುಡುಗಿತು. ಗೊಂಚಲನ್ನು ಬಿಟ್ಟು ಮೊಣಕಾಲಿನಿಂದ ತಿವಿದ: ಕೀ ತೂತಿನಲ್ಲೇ ಒಂದಿಷ್ಟು ಜಗ್ಗಿತು, ದೀಪ ಹತ್ತಿತು. ಅಷ್ಟೂ ಬೀರುಗಳ ಕೀ ಭಾರಕ್ಕೆ ಒಳಗಿನ ಸ್ವಿಚ್ಚು ಸವೆದು, ಕುಲುಕಿದಾಗಲೆಲ್ಲ ಕರೆಂಟು ಕಣ್ಣುಮುಚ್ಚಾಲೆ ಆಡುತ್ತಿತ್ತು. ಭಾನುವಾರ ಬೇಕಾದ ಕೀಗಳನ್ನಷ್ಟೇ ಬಿಡಿಸಿಕೊಂಡರೆ ಗೊಂಚಲು ಮನೆಯ ಮೊಳೆಯಲ್ಲಿ. ಮೆಕ್ಯಾನಿಕ್ ಕೂತಾಗ ಜೇಬಿನಲ್ಲಿ. ಏಜೆಂಟರು ಕೂತಾಗ ಅವರ ಮಡಿಲಲ್ಲಿ!

ಕುಣಿದಾಡಬೇಕೆನಿಸಿತು. ಮರುಕ್ಷಣ ಮಾವನ ಮುಖ ನೆನಪಾಗಿ ಕೂತಲ್ಲೇ ತಣ್ಣಗಾದ. ನಿಜ ಹೇಳಿದರೆ, 'ನನ್ನ ಕಾರಿಗೆ ಕಬ್ಬಿಣದ ಅಂಗಡಿ ನೇತುಹಾಕಿ ಕೆಡಿಸಿದ್ರಾ? ತಪ್ಪು ಡ್ರೈವರ್‌ದು' ಎನ್ನುತ್ತಾರೆ, ಕಾರು ಹೋಯಿತು. ಸುಮ್ಮನೆ ಗೊಂಚಲು ಬಿಚ್ಚಿಟ್ಟರೆ ದೀಪ ಹತ್ತುವುದಿಲ್ಲ. ಆಗಲೂ ಕಾರು ಹೋಯಿತು. ಉಳಿದದ್ದು ಒಂದೇ ದಾರಿ. ಮಾವನ ಕಣ್ಣೆದುರು ಮೊಣಕಾಲಿನಿಂದ ಒಂದು ಸಲ ತಿವಿದು ದೀಪ ಹಚ್ಚಿಸಬೇಕು. ಗೆದ್ದ ಮೇಲೆ ಸದ್ದಿಲ್ಲದೆ ಕೀ ಬೇರೆ ಮಾಡಬೇಕು. ಬದುಕಿನಲ್ಲಿ ಮೊದಲ ಸಲ ಅವನು ಮೋಸ ಮಾಡಲು ಹೊರಟಿದ್ದ, ಅದೂ ನಿಜವನ್ನೇ ಸಾಬೀತು ಮಾಡಲು.

ಸಂಜೆ ಮಾವ ಮುಂದಿನ ಸೀಟಿನಲ್ಲಿ ಪರೀಕ್ಷಕರ ಗತ್ತಿನಲ್ಲಿ ಕೂತರು. ಹಿಂದೆ ಚಿಕ್ಕಳಿಯ, ಅವನ ಪಕ್ಕದಲ್ಲಿ ಯಾರೂ ಕರೆಯದ ವಿಮೆ ಏಜೆಂಟರು. ಹೆಂಡತಿ ಬಾಗಿಲಲ್ಲಿ ನಿಂತಳು.

"ನಡೀರಿ ಭಾವ, ನೀವು ಮೆಲ್ಲಗೆ ಓಡಿಸಿದ್ರೂ ನಂಗೆ ಬೇಜಾರಿಲ್ಲ" ಎಂದ ಷಡ್ಡಕ, ಆಗಲೇ ಸೀಟಿನ ಮೆತ್ತೆಯನ್ನು ಒತ್ತಿ ಒತ್ತಿ ನೋಡುತ್ತ.

ಕಾರು ಹೊರಟಿತು. ಗ್ರಂಥಪಾಲಕ ಮೊಣಕಾಲಿನಿಂದ ತಿವಿದ. ದೀಪ ಹತ್ತಲಿಲ್ಲ. ಇನ್ನೊಮ್ಮೆ ತಿವಿದ. ಇಲ್ಲ. ಹಂಪಿನ ಮೇಲೆ ಹೋದ. ಗೊಂಚಲು ಗಡಿಯಾರದ ಲೋಲಕದಂತೆ ಗಂಭೀರವಾಗಿ ತೂಗಿತು, ಅಷ್ಟೇ. ತನಗೆ ಬೇಡವಾದಾಗಲೆಲ್ಲ ಹತ್ತಿದ ದೀಪ, ಬೇಕಾದಾಗ ಮೌನ ಫಲಕವಾಗಿ ಕೂತಿತ್ತು.

"ಏನ್ರೀ, ಕಾಲಿಗೆ ಇರುವೆ ಕಚ್ತಾ?" ಎಂದರು ಮಾವ.

"ಇಲ್ಲ ಮಾವ."

"ದೀಪ ಎಲ್ಲಿ?"

ಆಗ ಹಿಂದಿನಿಂದ ಏಜೆಂಟರು ಮುಂದೆ ಬಾಗಿದರು. "ಹೀಗೆ ಹತ್ತಲ್ಲ ಸಾರ್. ಇವರು ಹಾಡಬೇಕು."

ಗ್ರಂಥಪಾಲಕ ರಸ್ತೆಯ ಕೊನೆಯಲ್ಲಿ ಯಾವುದಾದರೂ ಗೋಡೆ ಇದೆಯೇ, ಹೋಗಿ ಗುದ್ದಬಹುದೇ ಎಂದು ನೋಡಿದ.

"ಹಾಡಬೇಕಾ?" ಮಾವ ಕನ್ನಡಕ ಸರಿಮಾಡಿಕೊಂಡರು. "ಸರಿ. ಹಾಡಿ."

"ಮಾವ, ಅದಕ್ಕೂ ಇದಕ್ಕೂ..."

"ಪರೀಕ್ಷೇಲಿ ವಾದ ಬೇಡ. ಹಾಡಿ."

ಹಾಡಿದ. ಗುಂಡಿಕ್ಕಲು ಗೋಡೆಗೆ ನಿಲ್ಲಿಸಿದವನು ಕೊನೆಯ ಮಾತು ಹೇಳುವಂತೆ ಹಾಡಿದ. ಮೇಲಿನ ಸ್ವರಕ್ಕೆ ಏರುವಾಗ ಮೈ ತಾನೇ ತಾನಾಗಿ ಮುಂದೆ ಬಾಗಿತು, ಮೊಣಕಾಲು ಎದ್ದಿತು, ಗೊಂಚಲಿಗೆ ಢಣ್ ಎಂದು ಬಡಿಯಿತು.

ಹಳದಿ ದೀಪ ಹತ್ತಿತು. ಕಾರು ಎಮ್ಮೆಯಾಯಿತು.

"ನೋಡಿ ಮಾವ! ನೋಡಿ! ಹತ್ತಿದೆ!" ಅವನು ಸೀಟಿನಲ್ಲೇ ಕುಪ್ಪಳಿಸಿದ. ಇಷ್ಟು ದಿನ ಯಾರೂ ನಂಬದ ದೀಪವನ್ನು ಈಗ ಮೂವರು ಕಣ್ಣರಳಿಸಿ ನೋಡುತ್ತಿದ್ದರು.

"ಹತ್ತಿದೆ" ಎಂದರು ಮಾವ. ಅವರು ನೋಡುತ್ತಿದ್ದದ್ದು ಅವನ ಬಲಗಾಲನ್ನು. "ನನ್ನ ಸರ್ವೀಸಿನಲ್ಲಿ ಕಣ್ಣು ಮುಚ್ಚಿ ಓಡಿಸೋರನ್ನ ನೋಡಿದ್ದೆ, ನಿದ್ದೇಲಿ ಓಡಿಸೋರನ್ನ ನೋಡಿದ್ದೆ. ಆಕ್ಸಿಲರೇಟರ್ ಮೇಲೆ ತಾಳ ಹಾಕೋರನ್ನ ಇವತ್ತೇ ನೋಡಿದ್ದು. ಸುಮ್ಮನೆ ಓಡಿಸಿದ್ರೆ ದೀಪ ಇಲ್ಲ, ಹಾಡಿದ್ರೆ ದೀಪ. ಇನ್ನೇನು ಬೇಕು?" ಅವರ ಮುಖದಲ್ಲಿ ಹಳೇ ವಾತ್ಸಲ್ಯ ತುಂಬಿ ಬಂತು. "ಅಳಿಯಂದಿರೇ, ಫೇಲ್."

"ಮಾವ, ಹಾಡಿನಿಂದಲ್ಲ ಅದು!"

"ಮತ್ತೆ ಯಾವುದರಿಂದ?"

ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ, 'ಹಾಗಾದ್ರೆ ಮೊಣಕಾಲಿಂದ ಬೇಕಂತಲೇ ತಿವೀತಿದ್ರಾ?' ಎಂಬ ಪ್ರಶ್ನೆಯೂ ಬರುವುದು ಕಂಡಿತು.

"ಗೊತ್ತಿಲ್ಲ ಮಾವ" ಎಂದ.

ಮನೆ ಮುಂದೆ ಮಾವ ಕೈ ಚಾಚಿದರು. "ಬರೀ ಕಾರಿನ ಕೀ ಕೊಡಿ. ಈ ಭಾರ ಎಲ್ಲ ನಿಮ್ಮ ಹತ್ರಾನೇ ಇರಲಿ." ಇನ್ನೊಂದು ಉಗುರು ಮುರಿಯಿತು. ಷಡ್ಡಕ ಒಂಟಿ ಕೀ ತಿರುಗಿಸಿದ. ಕಾರು ಹಂಪು ದಾಟಿ, ಏರು ಹತ್ತಿ, ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ಕಿಟಕಿಯಿಂದ ಮಾವನ ತಲೆ ಹೊರಬಂತು: "ನೋಡಿದ್ರಾ? ಹಾಡಿಲ್ಲ, ದೀಪಾನೂ ಇಲ್ಲ!"

ಗ್ರಂಥಪಾಲಕ ಗೊಂಚಲು ಹಿಡಿದುಕೊಂಡು ಒಳಗೆ ಬಂದು ಕುಸಿದು ಕೂತ. ಹೆಂಡತಿ ನೀರು ತಂದುಕೊಟ್ಟಳು. ಅವನ ಪಕ್ಕದಲ್ಲೇ ಕೂತು, ಅಪರೂಪದ ಮೃದು ದನಿಯಲ್ಲಿ ಹೇಳಿದಳು:

"ಹಾಡ್ತೀರಿ ಅಂತ ನನಗ್ಯಾಕ್ರೀ ಹೇಳ್ಲಿಲ್ಲ? ಕಾರು ಹೋದ್ರೆ ಹೋಗ್ಲಿ. ಇನ್ಮೇಲೆ ಮನೇಲೇ ಹಾಡಿ. ನಾನು ಕೇಳ್ತೀನಿ."

ಅವನ ಕಣ್ಣು ಒದ್ದೆಯಾಯಿತು. ನೀರು ಕುಡಿದು, ಲೋಟ ಕೆಳಗಿಟ್ಟು, ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

ಗೋಡೆಯಾಚೆಯಿಂದ ಏಜೆಂಟರು ಕೂಗಿದರು:

"ಬೇಡ ಸಾರ್, ದಯವಿಟ್ಟು ಬೇಡ! ನಮ್ಮನೆ ಫ್ರಿಜ್ಜೂ ಹಳೇದೇ!"