ಪರದೆ ಹಿಂದಿನ ಪ್ಲೇಟು

ನ್ಯಾಮತಿಯ ಹಾಲಸ್ವಾಮಿ ಮೇಷ್ಟ್ರು ಅವತ್ತು ಹೊನ್ನಾಳಿಗೆ ಹೋದದ್ದು ಸೇಬುಹಣ್ಣು ತರಲಿಕ್ಕೆ. ಮಧ್ಯಾಹ್ನ ಮೂರಕ್ಕೆ ಸವಳಂಗದಿಂದ ಮಹೇಶ್ವರಪ್ಪನವರು ಬರುವವರಿದ್ದರು. ಮೇಷ್ಟ್ರ ಮಗಳನ್ನು ಅವರ ಮಗ ನೋಡಿ ಒಪ್ಪಿಯಾಗಿತ್ತು. ಇನ್ನು ವೀಳ್ಯ ಬದಲಾಯಿಸುವುದೊಂದೇ ಬಾಕಿ. "ಅಷ್ಟು ದೊಡ್ಡ ಮನೆತನದೋರ ಮುಂದೆ ಬರೇ ಮಂಡಕ್ಕಿ ಉಂಡೆ ಇಡಾಕೆ ಆಗ್ತದೇನ್ರೀ?" ಎಂದು ಹೆಂಡತಿ ಶಂಕ್ರಮ್ಮ ಬೆಳಿಗ್ಗೆ ಹತ್ತೂವರೆಯ ಬಸ್ಸಿಗೇ ಗಂಡನನ್ನು ಹತ್ತಿಸಿದ್ದಳು.

ಸೇಬು ಕೊಂಡಾಯಿತು. ವಾಪಸ್ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಆ ಒಂದು ಗಂಟೆಯೇ ಮೇಷ್ಟ್ರನ್ನು ಕೆಡಿಸಿತು.

ಹೊಳೆಯ ಸೇತುವೆಯ ಕಡೆಗೆ ಸುಮ್ಮನೆ ಹೆಜ್ಜೆ ಹಾಕಿದವರಿಗೆ ಒಂದು ಬೋರ್ಡು ಕಂಡಿತು: "ಗೋಣೆಪ್ಪನ ಫಿಶ್ ಅಂಡ್ ಚಿಪ್ಸ್. ಬೊಂಬಾಯಿ ಪದ್ಧತಿ." ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ಮರ್ಯಾದಸ್ಥರಿಗೆ ಪರದೆ ಇರುವ ಪ್ರತ್ಯೇಕ ಕೋಣೆ. ದಾರಿ ಹಿಂಬಾಗಿಲಿನಿಂದ."

ಮೇಷ್ಟ್ರ ಮನೆಯ ಅಡಿಗೆಕೋಣೆಗೆ ಏಳು ತಲೆಮಾರಿನಿಂದ ಮೊಟ್ಟೆಯ ನೆರಳೂ ಬಿದ್ದಿರಲಿಲ್ಲ. ಆದರೆ ಅವರು ಇಂಗ್ಲಿಷ್ ಮೇಷ್ಟ್ರು. ಇಂಗ್ಲೆಂಡಿನ ಜನ ಸಾಯಂಕಾಲ ಪೇಪರಿನಲ್ಲಿ ಕಟ್ಟಿಸಿಕೊಂಡು ತಿನ್ನುವ ಫಿಶ್ ಅಂಡ್ ಚಿಪ್ಸ್ ಬಗ್ಗೆ ಇಪ್ಪತ್ತೆರಡು ವರ್ಷದಿಂದ ಒಂದೇ ಪಾಠ ಮಾಡಿಕೊಂಡು ಬಂದಿದ್ದರು. ಪ್ರತಿ ವರ್ಷ ಯಾವನಾದರೂ ಒಬ್ಬ ಎದ್ದು ನಿಂತು, "ಚಿಪ್ಸ್ ಅಂದ್ರೇನು ಸಾರ್?" ಎಂದು ಕೇಳುವನು. ಮೇಷ್ಟ್ರು ಡಿಕ್ಷನರಿ ನೋಡಿ, "ಕಟ್ಟಿಗೆಯ ಚೂರು. ಕೂತ್ಕೋ" ಎನ್ನುವರು. ಇಂಗ್ಲಿಷರು ಮೀನಿನ ಜೊತೆ ಕಟ್ಟಿಗೆಯನ್ನು ಏಕೆ ತಿನ್ನುತ್ತಾರೆ ಎಂಬುದು ಅವರಿಗೇ ತಿಳಿದಿರಲಿಲ್ಲ.

"ನೋಡಿ ಬಂದರಾಯ್ತು. ತಿನ್ನಬೇಕಂತ ಏನಿಲ್ಲ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಹೆಗಲ ಮೇಲಿನ ಟವೆಲನ್ನು ತಲೆಗೆ ಮುಸುಕು ಹಾಕಿಕೊಂಡು, ಅವರು ಹಿಂಬಾಗಿಲಿನಿಂದ ನುಗ್ಗಿದರು.

ಗೋಣೆಪ್ಪ ಬೊಂಬಾಯಿಯ ಯಾವುದೋ ಹೋಟೆಲಿನಲ್ಲಿ ಹನ್ನೆರಡು ವರ್ಷ ಪಾತ್ರೆ ತೊಳೆದು, ವಾಪಸ್ ಬರುವಾಗ ಅಲ್ಲಿಯ ಅಡಿಗೆಯವನ ಉದ್ದನೆಯ ಬಿಳಿ ಟೋಪಿಯೊಂದನ್ನು ತಂದಿದ್ದ. ಅದನ್ನು ಹಾಕಿಕೊಂಡು ಎದುರಿಗೆ ಬಂದು ನಿಂತರೆ ತಲೆ ಮೇಲೆ ಮಡಕೆ ಹೊತ್ತ ಹಾಗೆ ಕಾಣುತ್ತಿದ್ದ.

"ಹೆಸರು ಬ್ಯಾಡ, ಊರು ಬ್ಯಾಡ. ಕೂತ್ಕಳ್ರಿ" ಎಂದು ಪರದೆ ಎಳೆದ. ಮುಂದಿನ ಬೆಂಚುಗಳಲ್ಲಿ ಲಾರಿಯವರಿಗೆ ಕೂತ ಕ್ಷಣವೇ ತಟ್ಟೆ ಬಂದವು. ಪರದೆಯ ಒಳಗೆ ಮಾತ್ರ ಅರ್ಧ ಗಂಟೆಯಾದರೂ ಏನೂ ಬರಲಿಲ್ಲ. ಮೇಷ್ಟ್ರಿಗೆ ಸಿಟ್ಟು ಬಂತು. ಆದರೆ ಗಟ್ಟಿಯಾಗಿ ಕೂಗಿದರೆ ಧ್ವನಿಯಿಂದ ಯಾರಾದರೂ ಗುರುತು ಹಿಡಿದಾರೆಂದು ಚಮಚದಿಂದ ಮೇಜು ಕುಟ್ಟಿದರು.

ಕಡೆಗೂ ತಟ್ಟೆ ಬಂತು. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಎರಡು ಉದ್ದನೆಯ ತುಂಡು, ಪಕ್ಕದಲ್ಲಿ ಬೆರಳುದ್ದಕ್ಕೆ ಹೆಚ್ಚಿ ಕರಿದ ಆಲೂಗಡ್ಡೆ. ಚಿಪ್ಸ್ ಎಂದರೆ ಕಟ್ಟಿಗೆಯಲ್ಲ ಎಂದು ಅವರಿಗೆ ಗೊತ್ತಾದದ್ದು ಆಗಲೇ. ಮೇಷ್ಟ್ರು ಮೂಗು ಹತ್ತಿರ ತಂದು ನೋಡಿದರು.

"ವಾಸನೇನೇ ಇಲ್ಲವಲ್ಲೋ?"

"ಮರ್ಯಾದಸ್ಥರಿಗೆ ವಾಸನೆ ಬರದಂಗೆ ಕೊಡೋದೇ ನಮ್ಮ ಸರ್ವಿಸ್ಸು ಸ್ವಾಮಿ. ಬಾಯಿ ವಾಸನೆ ಬಂದ್ರೆ ಮನೇಲಿ ಉಗೀತಾರೆ."

ಮೇಷ್ಟ್ರಿಗೆ ಅವನ ದೂರದೃಷ್ಟಿ ಮೆಚ್ಚಿಗೆಯಾಯಿತು. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡು ಒಂದು ತುಂಡು ಬಾಯಿಗೆ ಹಾಕಿದರು. ರುಚಿಯಾಗಿಯೇ ಇತ್ತು. ಎರಡನೆಯ ತುಂಡಿಗೆ ಬರುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಗಬಗಬ ನುಂಗಿ ಎದ್ದರು. ಗಂಟಲಲ್ಲಿ ಏನೋ ಚುಚ್ಚಿ ನಿಂತಿತು.

ನ್ಯಾಮತಿ ಬರುವವರೆಗೂ ಮೇಷ್ಟ್ರು ಬಸ್ಸಿನಲ್ಲಿ ಕೋಳಿ ಹಾಗೆ ಕತ್ತು ಮುಂದೆ ಹಿಂದೆ ಆಡಿಸುತ್ತಾ ಕೂತರು. ಉಗುಳು ನುಂಗಿದರೆ ಚುಚ್ಚುತ್ತಿತ್ತು, ಕೆಮ್ಮಿದರೆ ಇನ್ನೂ ಒಳಕ್ಕೆ ಇಳಿಯುತ್ತಿತ್ತು. ಮುಳ್ಳು! ಏಳು ತಲೆಮಾರಿನ ನಿಷ್ಠೆ ಒಟ್ಟಾಗಿ ಮುಳ್ಳಾಗಿ ಗಂಟಲಲ್ಲಿ ನಿಂತಿದೆಯೆಂದು ಅವರಿಗೆ ಅನಿಸಿತು.

ಮನೆಗೆ ಬಂದವರು ಮಾತಾಡದೆ ಸೇಬಿನ ಚೀಲ ಇಟ್ಟು ಮೂಲೆಯಲ್ಲಿ ಕೂತರು.

"ಯಾಕ್ರೀ? ಮಾತಾಡ್ರಿ" ಎಂದಳು ಶಂಕ್ರಮ್ಮ.

ಮೇಷ್ಟ್ರು ಬಾಯಿ ತೆರೆದರು. ಬಾಗಿಲ ಕೀಲಿಗೆ ಎಣ್ಣೆ ಬಿಡದಿದ್ದರೆ ಬರುವಂಥ ಸದ್ದು ಬಂತು. ಶಂಕ್ರಮ್ಮ ಎದೆ ಹಿಡಿದುಕೊಂಡು ಪಕ್ಕದ ಮನೆಯ ಹುಲಿಗೆಮ್ಮನನ್ನು ಕೂಗಿದಳು. ಹುಲಿಗೆಮ್ಮ ಬಂದವಳೇ ಮೇಷ್ಟ್ರ ಕಣ್ಣುರೆಪ್ಪೆ ಎತ್ತಿ ನೋಡಿ, "ಹೊಳೆ ದಾರೀಲಿ ಏನಾರಾ ದಾಟ್ಯಾರೆ. ಸೋಕು ಇದು" ಎಂದು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು. ಎಲ್ಲರಿಗಿಂತ ಹೆಚ್ಚು ಕೆಮ್ಮಿದವರು ಮೇಷ್ಟ್ರೇ. ಒಂದೊಂದು ಕೆಮ್ಮಿಗೂ ಕಣ್ಣಲ್ಲಿ ನೀರು ದಳದಳ ಸುರಿಯಿತು.

ಆ ಗದ್ದಲಕ್ಕೆ ಎದುರುಮನೆಯ ಶಿವಮೂರ್ತಪ್ಪನವರು ಓಡಿ ಬಂದರು. ರೆವಿನ್ಯೂ ಇಲಾಖೆಯಿಂದ ರಿಟೈರ್ ಆದಮೇಲೆ ಅವರು ಊರಿನವರ ಕಾಯಿಲೆಗಳನ್ನು ತನಿಖೆ ಮಾಡುವ ಕೆಲಸ ಹಿಡಿದಿದ್ದರು. ಟಾರ್ಚು ತಂದು ಮೇಷ್ಟ್ರ ಬಾಯಿಗೆ ಬಿಟ್ಟು, "ಒಳಗೆಲ್ಲ ಕೆಂಪಗಾಗೈತೆ. ಇದು ಗಂಟಲುಮಾರಿ. ಅಂಟುರೋಗ! ಎಲ್ಲರೂ ದೂರ ನಿಲ್ರಿ" ಎಂದು ಘೋಷಿಸಿದರು.

ಸರಿಯಾಗಿ ಅದೇ ಹೊತ್ತಿಗೆ ಬಾಗಿಲಿಗೆ ಬಾಡಿಗೆ ಕಾರು ಬಂದು ನಿಂತಿತು. ಮಹೇಶ್ವರಪ್ಪನವರು ಒಂದು ಕಾಲು ಹೊಸ್ತಿಲ ಒಳಗೆ ಇಟ್ಟಿದ್ದರು. ಅಂಟುರೋಗ ಎಂಬ ಮಾತು ಕಿವಿಗೆ ಬಿದ್ದದ್ದೇ ಆ ಕಾಲನ್ನು ಹೊರಗೆ ತೆಗೆದುಕೊಂಡರು. ಶಲ್ಯದಿಂದ ಮೂಗು ಮುಚ್ಚಿಕೊಂಡು ಕೇಳಿದರು:

"ಈ ಕಾಯಿಲೆ ಮನೆತನದಾಗೇ ಐತೋ, ಹೊಸದಾಗಿ ಬಂದೈತೋ?"

"ಇಲ್ಲ ಬೀಗರೇ, ಬೆಳಿಗ್ಗೆ ಚಲೋ ಇದ್ರು..." ಎಂದು ಶಂಕ್ರಮ್ಮ ಅಳುವುದಕ್ಕೇ ಶುರು ಮಾಡಿದಳು.

"ಹುಡುಗಿಗೂ ತಗುಲಿದ್ರೆ? ನಾಳೆ ನಮ್ಮ ಮನೆ ತುಂಬಿದಮೇಲೆ ಗತಿಯೇನು? ಬ್ಯಾಡ್ರಮ್ಮ. ಇದನ್ನ ಇಲ್ಲಿಗೇ ಬಿಡಾನ" ಎಂದು ಮಹೇಶ್ವರಪ್ಪನವರು ಕಾರಿನ ಕಡೆ ತಿರುಗಿದರು.

ಒಳಮನೆಯ ಬಾಗಿಲಲ್ಲಿ ಹೊಸ ಸೀರೆಯುಟ್ಟು ನಿಂತ ಮಗಳ ಮುಖ ಮೇಷ್ಟ್ರಿಗೆ ಕಂಡಿತು. ಒಂದು ಕಡೆ ಅವಳ ಮದುವೆ, ಇನ್ನೊಂದು ಕಡೆ ತಮ್ಮ ಮಾನ. ಮೇಷ್ಟ್ರು ಎದ್ದು ನಿಂತು ಬಾಗಿಲಿಗೆ ಬಂದು, ಬೀದಿಯ ಜನರೆಲ್ಲ ಕೇಳುತ್ತಿರುವಾಗಲೇ ಕೀರಲು ಧ್ವನಿಯಲ್ಲಿ ಹೇಳಿದರು:

"ರೋಗ ಅಲ್ಲ ಬೀಗರೇ... ಮುಳ್ಳು. ಮೀನಿನ ಮುಳ್ಳು. ಹೊನ್ನಾಳೀಲಿ... ತಿಂದೆ."

ಶಂಕ್ರಮ್ಮನ ಅಳು ಅರ್ಧಕ್ಕೇ ನಿಂತಿತು. ಹುಲಿಗೆಮ್ಮ ಮೇಷ್ಟ್ರನ್ನು ಮುಟ್ಟಿದ್ದ ಕೈಯನ್ನು ಗೋಡೆಗೆ ಒರೆಸಿಕೊಂಡಳು. ಅಹಿಂಸೆಯ ಮೇಲೆ ಪ್ರತಿ ಅಕ್ಟೋಬರ್ ಎರಡಕ್ಕೆ ಭಾಷಣ ಮಾಡುತ್ತಿದ್ದ ಮೇಷ್ಟ್ರು ನೆಲ ನೋಡುತ್ತಾ ನಿಂತರು. ನೆಲವೂ ಅವರಿಗೆ ಮುಖ ತೋರಿಸಲು ನಾಚಿದಂತಿತ್ತು.

ಮಹೇಶ್ವರಪ್ಪನವರು ಏನೋ ಯೋಚಿಸಿ ಶಲ್ಯ ಕೆಳಗಿಳಿಸಿದರು. "ಪಾಪದ ವಿಚಾರ ಆಮೇಲೆ. ಮೊದಲು ಮುಳ್ಳು ತೆಗೆಸಾನ, ಹತ್ರೀ ಕಾರು" ಎಂದರು. ಶಿವಮೂರ್ತಪ್ಪನವರು ಕರೆಯದಿದ್ದರೂ ಸಾಕ್ಷಿಗೆ ಬೇಕೆಂದು ಮುಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಇಬ್ಬರೂ ಸರದಿಯ ಮೇಲೆ ಬುದ್ಧಿ ಹೇಳಿದರು.

ಹೊನ್ನಾಳಿಯ ಡಾಕ್ಟರು ಚಿಮುಟ ಹಾಕಿ ಎಳೆದು ತೆಗೆದದ್ದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಮುಳ್ಳಲ್ಲ ಮೇಷ್ಟ್ರೇ. ತೆಂಗಿನ ಗರಿಯ ಕಡ್ಡಿ. ಕಸಬರಿಗೇಲಿ ಇರ್ತದಲ್ಲ, ಅದು. ಈ ತಿಂಗಳು ಇದು ನಾಲ್ಕನೇದು" ಎಂದು ನಕ್ಕರು.

ಮೂವರೂ ಅಲ್ಲಿಂದ ನೇರವಾಗಿ ಗೋಣೆಪ್ಪನ ಹೋಟೆಲಿಗೆ ನುಗ್ಗಿದರು. ಗೋಣೆಪ್ಪ ಟೋಪಿ ತೆಗೆದು ನಿಂತು, "ಏನ್ ಸ್ವಾಮೇರು, ಇವತ್ತು ಮುಂಬಾಗಿಲಿಂದ ಬಂದೀರಿ?" ಎಂದ. ತಮಗೇ ಹೇಳಿದನೆಂದು ಮೇಷ್ಟ್ರು ತಲೆ ತಗ್ಗಿಸಿದರು.

"ಮೀನಿನಾಗೆ ಕಸಬರಿಗೆ ಕಡ್ಡಿ ಹೆಂಗೆ ಬಂತಲೇ?" ಎಂದು ಮಹೇಶ್ವರಪ್ಪನವರು ಗುಡುಗಿದರು.

ಗೋಣೆಪ್ಪ ಕೈಮುಗಿದ. "ಬೈಬ್ಯಾಡ್ರಿ. ಅದು ಮೀನಲ್ಲ, ಬಾಳೇಕಾಯಿ. ಮುಂದಿನ ಬೆಂಚಿಗೆ ಮಾತ್ರ ಮೀನು. ಅವರಿಗೆ ರುಚಿ ಗೊತ್ತೈತೆ. ಪರದೆ ಒಳಗೆ ಕೂರೋರು ಹುಟ್ಟಿದಾಗಿಂದ ಮೀನು ಕಂಡೋರಲ್ಲ. ಅಂಥೋರಿಗೆ ಮೀನು ತಿನ್ನಿಸಿದ ಪಾಪ ನನಗ್ಯಾಕೆ ಅಂತ ಮೊದಲಿನಿಂದಲೂ ಬಾಳೇಕಾಯೇ ಕೊಡ್ತೀನಿ. ಆದ್ರೆ ಮುಳ್ಳಿಲ್ದಿದ್ರೆ ಮೀನು ಅಂತ ನಂಬಲ್ವಲ್ಲ? ಅದಕ್ಕೇ ಒಂದೆರಡು ಕಡ್ಡಿ..."

ಮೇಷ್ಟ್ರ ಎದೆಯ ಮೇಲಿನ ಬಂಡೆ ಸರಿದು ಹೋಯಿತು. ತಾವು ಶುದ್ಧ! ಏಳು ತಲೆಮಾರೂ ಶುದ್ಧ! ಅವರು ಕೈಯೆತ್ತಿ ಏನೋ ಹೇಳಬೇಕೆನ್ನುವಷ್ಟರಲ್ಲಿ ಪಕ್ಕದಿಂದ ಚೀರಾಟ ಕೇಳಿತು.

"ಹಂಗಾದ್ರೆ ಹೋದ ಗುರುವಾರ ನಾನು ತಿಂದ ಮೂರು ಪ್ಲೇಟೂ ಬಾಳೇಕಾಯೇನಲೇ?"

ಹೇಳಿದವರು ಮಹೇಶ್ವರಪ್ಪನವರು. ಹೇಳಿದಮೇಲೆ ಅವರ ಕೈ ತಾನಾಗಿ ಬಾಯಿ ಮುಚ್ಚಿತು.

"ಎರಡು ವರ್ಷದಿಂದ!" ಎಂದರು ಶಿವಮೂರ್ತಪ್ಪನವರು, ತಮ್ಮಷ್ಟಕ್ಕೆ ಎಂಬಂತೆ. "ಪೆನ್ಷನ್ ಬಂದ ದಿನ ತಪ್ಪದಂಗೆ ಬಂದೀನಿ."

ವಾಪಸ್ ಬರುವಾಗ ಕಾರಿನಲ್ಲಿ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಬಹಳ ದೂರ ಬಂದಮೇಲೆ ಮೇಷ್ಟ್ರು ನಯವಾಗಿ ಕೇಳಿದರು, "ಬೀಗರೇ, ಅದು ಬಾಳೇಕಾಯಿ ಅಂತ ನಮ್ಮ ಮನೆಯೋರಿಗೆ ನೀವೇ ಒಂದು ಮಾತು ಹೇಳಿಬಿಡ್ರಿ. ನಾನು ಹೇಳಿದ್ರೆ ನಂಬಲ್ಲ."

ಮಹೇಶ್ವರಪ್ಪನವರು ಗಂಟಲು ಸರಿಮಾಡಿಕೊಂಡರು. "ಹೇಳಬೋದು ಮೇಷ್ಟ್ರೇ. ಆದ್ರೆ ನೋಡ್ರಿ, ಬಾಳೇಕಾಯಿ ಅಂದ್ರೆ ಜನ ಗೋಣೆಪ್ಪನ್ನ ಕೇಳ್ತಾರೆ. ಅವನು ಪರದೆ ಹಿಂದೆ ಯಾರ್ಯಾರು ಕೂತಿದ್ರು ಅಂತ ಬಾಯಿ ಬಿಡ್ತಾನೆ. ನಿಮ್ಮ ಮಾನ ಹೆಂಗೂ ಹೋಗೈತೆ. ಇನ್ನೂ ಇಬ್ಬರದು ಯಾಕೆ ಕಳೀಬೇಕು?"

"ನ್ಯಾಯವಾದ ಮಾತು" ಎಂದರು ಶಿವಮೂರ್ತಪ್ಪನವರು.

"ನಿಮ್ಮ ಮಗಳು ನಮ್ಮ ಮನೆ ಸೊಸೆ ಆಗೋದು ಮಾತ್ರ ಖಾತ್ರಿ. ಆ ಚಿಂತೆ ಬ್ಯಾಡ" ಎಂದು ಮಹೇಶ್ವರಪ್ಪನವರು ಮೇಷ್ಟ್ರ ತೊಡೆ ತಟ್ಟಿದರು. ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲ.

ಮನೆ ಮುಂದೆ ಅರ್ಧ ಊರು ಸೇರಿತ್ತು. ಮಹೇಶ್ವರಪ್ಪನವರು ಕಾರಿನಿಂದ ಇಳಿದು, "ಮುಳ್ಳು ತೆಗೆಸಿದ್ವಿ. ಮನುಷ್ಯ ಅಂದಮೇಲೆ ಒಂದು ಸಲ ಜಾರ್ತಾನೆ. ನಾನು ಕ್ಷಮಿಸೀನಿ. ವೀಳ್ಯ ತರ್ರಿ" ಎಂದರು. ಇಂಥ ದೊಡ್ಡ ಮನಸ್ಸಿನವರು ಈ ಸೀಮೆಯಲ್ಲೇ ಇಲ್ಲವೆಂದು ಜನ ಮಾತಾಡಿಕೊಂಡರು. ಹುಲಿಗೆಮ್ಮ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಶಿವಮೂರ್ತಪ್ಪನವರು ಮುಂದೆ ನಿಂತು ವೀಳ್ಯ ಬದಲಾಯಿಸಿದರು. ಹುಡುಗಿಯ ಅಪ್ಪನನ್ನು ಮಾತ್ರ ಒಳಗೆ ಯಾರೂ ಕರೆಯಲಿಲ್ಲ.

ಬೀಗರು ಉಂಡು ಹೋದಮೇಲೆ, ದೀಪ ಹಚ್ಚುವ ಹೊತ್ತಿಗೆ, ಶಂಕ್ರಮ್ಮ ಒಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಅನ್ನ ಸಾರು ಹಾಕಿಕೊಂಡು ಹೊರಗೆ ಜಗಲಿಗೆ ತಂದಳು. ಇನ್ನು ಮುಂದೆ ಆ ತಟ್ಟೆ, ಆ ಜಗಲಿ ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಮೇಷ್ಟ್ರು ತಲೆ ಎತ್ತದೆ ಕಲಸತೊಡಗಿದರು.

ಶಂಕ್ರಮ್ಮ ಒಳಗೆ ಹೋಗಲಿಲ್ಲ. ಬೀದಿಯ ಆ ಕಡೆ ಈ ಕಡೆ ನೋಡಿದಳು. ಕಂಬದ ಮರೆಗೆ ಕೂತು, ಸೆರಗು ಬಾಯಿಗೆ ಹಿಡಿದು, ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಅಲ್ಲಾ... ಹೆಂಗಿತ್ತು ರೀ ಅದು?"

ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಇಡೀ ದಿನದಲ್ಲಿ ಒಬ್ಬರಿಗಾದರೂ ನಿಜ ಹೇಳಲು ಅವರ ಜೀವ ಹಾತೊರೆಯಿತು.

"ಥೇಟ್ ಬಾಳೇಕಾಯಿ ಬಜ್ಜಿ ಇದ್ದಂಗೆ ಇತ್ತು ಕಣೇ."

ಶಂಕ್ರಮ್ಮ ಸೆರಗು ಕೊಡವಿ ಎದ್ದಳು. "ತಿಂದಿದ್ದಲ್ದೆ ನನಗೇ ಸುಳ್ಳು ಬೇರೆ ಹೇಳ್ತೀರಲ್ರೀ!" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.